ಗೆರೆಯ ಹೊಟ್ಟೆ

ನನ್ನ ಅಕ್ಕ ಬಾಳವ್ವ ನನಗೆ ಕೊನೆಯ ಸಲ ಹೇಳಿದ ಮಾತಿನಲ್ಲಿ ಎರಡೇ ಎರಡು ಪದ ನನ್ನ ಕಿವಿಗೆ ಬಿದ್ದವು. "ಅಡಿವ್ಯಾ, ನಿನ್ನ" ಎಂದಳು. ಅಷ್ಟರಲ್ಲಿ ನನ್ನ ಕೈಯಿಂದಲೇ ಸುಣ್ಣ ಬಿತ್ತು, ಗೆರೆ ಮೂಡಿತು, ಉಳಿದ ಮಾತು ಆಚೆಗೇ ಉಳಿಯಿತು. ಹತ್ತೊಂಬತ್ತು ವರ್ಷ ನಾನು ಆ ಮಾತಿನ ಬಾಲ ಹುಡುಕಿಕೊಂಡು ಬದುಕಿದೆ ಎಂದರೆ ನೀವು ನಗುತ್ತೀರಿ. ನಗಿ. ನಗು ಗೆರೆ ದಾಟುತ್ತದೆ, ಅದಕ್ಕೇನೂ ಅಡ್ಡಿಯಿಲ್ಲ.

ನಮ್ಮೂರಿನಲ್ಲಿ ಗೆರೆಯ ಈಚೆಯವರ ಮಾತು ಆಚೆಯವರಿಗೆ ಕೇಳುವುದಿಲ್ಲ. ಕೆಮ್ಮು ಕೇಳುತ್ತದೆ, ಸೀನು ಕೇಳುತ್ತದೆ, ಅಳು ನಗು ಎಲ್ಲ ಕೇಳುತ್ತವೆ. ಮಾತು ಮಾತ್ರ ಇಲ್ಲ. ಆಚೆಯವರು ನಿಮ್ಮ ಪಡಸಾಲೆಗೇ ಬಂದು, ನಿಮ್ಮ ಚಾಪೆಯ ಮೇಲೆ ಕೂತು, ನಿಮ್ಮ ರೊಟ್ಟಿ ಮುರಿಯುತ್ತ ಬಾಯಿ ಆಡಿಸಿದರೂ ಅಷ್ಟೇ. ಯಾರ ಒಲೆ ಗೆರೆಯ ಯಾವ ಕಡೆಗಿದೆಯೋ ಅವರ ಮಾತು ಆ ಕಡೆಯದು. ಒಲೆಯನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಬಹುದು, ಅದಕ್ಕೆ ಅರ್ಜಿ ಇದೆ. ಎರಡೂ ಕಡೆಯ ಅಧಿಕಾರಿಗಳು ಎದುರುಬದುರು ಕೂತು ಮಾತಾಡಿ ಒಪ್ಪಿದರೆ ಆಯಿತು. ಅವರಿಬ್ಬರ ಮಾತು ಒಬ್ಬರದೊಬ್ಬರಿಗೆ ಕೇಳುವುದಿಲ್ಲವಾದ್ದರಿಂದ ಇದುವರೆಗೆ ಒಂದು ಅರ್ಜಿಯೂ ಇತ್ಯರ್ಥವಾಗಿಲ್ಲ. ಆಚೆಯಿಂದ ಮದುವೆಯಾಗಿ ಬಂದು, ಮೂರು ಮಕ್ಕಳಾದರೂ ಅತ್ತೆಯ ಬೈಗುಳ ಒಂದೂ ಕಿವಿಗೆ ಬೀಳದ ಸೊಸೆಯರು ನಮ್ಮ ಓಣಿಯಲ್ಲೇ ನಾಲ್ವರಿದ್ದಾರೆ. ಮೈಕೈ ತುಂಬಿಕೊಂಡು ಚೆನ್ನಾಗಿದ್ದಾರೆ. ಸಂತೆಯಲ್ಲಿ ಬದನೆಕಾಯಿಯವನು ಬೆರಳು ಎತ್ತುತ್ತಾನೆ, ಕೊಳ್ಳುವವಳು ಮೂತಿ ತಿರುವುತ್ತಾಳೆ, ಅವನು ಒಂದು ಬೆರಳು ಮಡಚುತ್ತಾನೆ, ವ್ಯಾಪಾರ ಮುಗಿಯುತ್ತದೆ. ಜನ ಹೊಂದಿಕೊಂಡುಬಿಟ್ಟಿದ್ದಾರೆ. ನಾನೊಬ್ಬ ಹೊಂದಿಕೊಳ್ಳಲಿಲ್ಲ, ಯಾಕೆಂದರೆ ಗೆರೆ ಎಳೆಯುವವನೇ ನಾನು.

ನಮ್ಮದು ಗೆರೆಯವರ ಮನೆತನ. ತಳದಲ್ಲಿ ತೂತಿರುವ ಬುಟ್ಟಿಗೆ ಸುಣ್ಣದ ಪುಡಿ ತುಂಬಿ, ಅದನ್ನು ಸೊಂಟಕ್ಕೆ ಆನಿಸಿಕೊಂಡು, ಊರ ಮುಂದಿನ ಹುಣಸೆಮರದಿಂದ ಕೆರೆಯ ತೂಬಿನ ತನಕ ಹಿಂದುಹಿಂದಕ್ಕೆ ನಡೆಯಬೇಕು. ಬಿದ್ದ ಗೆರೆಯ ಮೇಲೆ ಕಣ್ಣಿರಬೇಕು, ಅದಕ್ಕೇ ಹಿನ್ನಡೆ. ತಿರುಗಿ ನೋಡಿದರೆ ಗೆರೆ ಕೆಟ್ಟಿತು. ಬುಟ್ಟಿ ಸೊಂಟದ ಮೇಲಿರುವಷ್ಟು ಹೊತ್ತು ನಮ್ಮನ್ನು ಯಾರೂ ಮುಟ್ಟುವಂತಿಲ್ಲ, ದಂಡನಾಯಕನೇ ಬಂದರೂ ಹತ್ತು ಹೆಜ್ಜೆ ದೂರ ನಿಲ್ಲಬೇಕು. ಮುಟ್ಟಿದರೆ ಮತ್ತೆ ಹುಣಸೆಮರದಿಂದ ಶುರು. ಅಕಸ್ಮಾತ್ ಬಿದ್ದರೆ, ಬಿದ್ದವನು ಅಲ್ಲೇ ಗಟ್ಟಿಯಾಗಿ "ಬಿದ್ದೆ" ಎನ್ನಬೇಕು. ಅಂದಮೇಲೆ ಅವನಾಗಿ ಅವನು ಏಳುವ ತನಕ ಯಾರೂ ಎಬ್ಬಿಸುವಂತಿಲ್ಲ. ಎದ್ದ ಮೇಲೆ ಕೆಟ್ಟಷ್ಟನ್ನು ಅಳಿಸಿ ಮುಂದುವರಿಸಬೇಕು. ಆದರೆ ಬಿದ್ದವನ ಮನೆತನಕ್ಕೆ ಬುಟ್ಟಿ ಅದೇ ಕೊನೆ. ನಮ್ಮ ಅಪ್ಪ ಬಿದ್ದಿರಲಿಲ್ಲ. ಅವನಪ್ಪನೂ ಬಿದ್ದಿರಲಿಲ್ಲ. ಅವ್ವ ನಮಗೆ ಅನ್ನ ಕಲಸಿ ಕೊಡುವಾಗಲೆಲ್ಲ ಇದನ್ನು ಹೇಳುತ್ತಿದ್ದಳು.

ರಾಜ್ಯ ಬದಲಾದಾಗಲೆಲ್ಲ ನಮಗೆ ಕೆಲಸ. ಪೇಟದವರು ಆಳುವಾಗ ಊರು ಎರಡು ಸೀಮೆಯಾಗಿತ್ತು. ಟೊಪ್ಪಿಗೆಯವರು ಅವರನ್ನು ಓಡಿಸಿ ಮೂರು ಪರಗಣೆ ಮಾಡಿದರು. ಬೂಟಿನವರು ಟೊಪ್ಪಿಗೆಯವರನ್ನು ಒದ್ದು ಅದೇ ಜಾಗವನ್ನು ಒಂದೂವರೆ ಜಿಲ್ಲೆ ಎಂದರು. ಆ ಅರ್ಧ ಜಿಲ್ಲೆಯ ಕಚೇರಿಗೆ ಅರ್ಧ ಬಾಗಿಲನ್ನೇ ಇಡಿಸಿದ್ದರು, ಜನ ಬಗ್ಗಿಕೊಂಡು ಒಳಗೆ ಹೋಗುತ್ತಿದ್ದರು. ಆಮೇಲೆ ಕಮಿಟಿಯವರು ಬಂದು ಏಳು ವಲಯ ಮಾಡಿ, ಏಳನೆಯ ವಲಯ ಎಲ್ಲಿದೆ ಎಂದು ಕೊನೆಯ ತನಕ ಹುಡುಕಿದರು. ಊರು ಇದ್ದಲ್ಲೇ ಇತ್ತು. ಅಂಚೆಯವನು ಮಾತ್ರ ವಿಳಾಸ ಓದೀ ಓದೀ ಹುಚ್ಚನಾಗಿ ಒಂದು ದಿನ ಚೀಲವನ್ನು ಕಟ್ಟೆಯ ಮೇಲೆ ಸುರಿದು, ನಿಮ್ಮನಿಮ್ಮದು ನೀವೇ ಆರಿಸಿಕೊಳ್ಳಿ ಎಂದು ಮನೆಗೆ ಹೋದ. ಅಂದಿನಿಂದ ಹಾಗೇ ನಡೆದಿದೆ.

ಈಗ ಎಮ್ಮೆಯ ವಿಷಯಕ್ಕೆ ಬರುತ್ತೇನೆ. ಅವ್ವ ಸಾಯುವಾಗ ನಮಗಿಬ್ಬರಿಗೂ ಸೇರಿ ಒಂದು ಎಮ್ಮೆ ಬಿಟ್ಟಳು. ಚಂದ್ರಿ ಎಂದು ಹೆಸರು, ಹಣೆಯ ಮೇಲೆ ಬಿಳಿ ಚುಕ್ಕೆ. ಅಕ್ಕನ ಗಂಡ ಮೊದಲೇ ತೀರಿಹೋಗಿದ್ದ. ಅವಳು ನಮ್ಮ ಮನೆಯ ಎದುರಿಗೇ ಒಂಟಿಯಾಗಿದ್ದಳು, ನಾನು ಮದುವೆಯ ಗೋಜಿಗೇ ಹೋಗಿರಲಿಲ್ಲ. ಎಮ್ಮೆ ಒಂದು ವಾರ ಅವಳ ಅಂಗಳದಲ್ಲಿ, ಒಂದು ವಾರ ನನ್ನ ಕೊಟ್ಟಿಗೆಯಲ್ಲಿ. ಟೊಪ್ಪಿಗೆಯವರು ಬಂದ ವಾರ ಅದು ಯಾರ ಸರದಿ ಎಂದು ನಮಗೆ ಜಗಳವಾಯಿತು. ಒಂದು ಎಮ್ಮೆಗಾಗಿ ಒಡಹುಟ್ಟಿದವರು ಎಷ್ಟು ಕೆಟ್ಟ ಮಾತಾಡಬಹುದೋ ಅಷ್ಟೂ ಆಡಿದೆವು. ನಾನು ಅವಳಿಗೆ "ಗಂಡನ್ನ ತಿಂದ್ಕೊಂಡಾಕಿ" ಎಂದೆ. ಬಾಯಿಂದ ಬಂದುಬಿಟ್ಟಿತು. ಅವಳು ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಹೊಸ ಗೆರೆ. ನಕ್ಷೆಯ ಪ್ರಕಾರ ಅದು ಅಕ್ಕನ ಹಿತ್ತಲಿನ ಹಿಂದೆ ನೆಟ್ಟಗೆ ಹಾಯಬೇಕಿತ್ತು. ನಮ್ಮಿಬ್ಬರ ಒಲೆಯೂ ಒಂದೇ ಕಡೆ. ನಾನು ಹುಣಸೆಮರದಿಂದ ಸುಣ್ಣ ಬಿಡುತ್ತ ಹಿಂದುಹಿಂದಕ್ಕೆ ಬಂದೆ. ಅವಳ ಹಿತ್ತಲು ಮುಟ್ಟುವ ಹೊತ್ತಿಗೆ ಅವಳು ಬೇಲಿಯ ಹತ್ತಿರ ಕಂಡಳು. ಜೋರಾಗಿ ಕೂಗಿದಳು: "ಅಡಿವ್ಯಾ, ನಿನ್ನ—" ನನಗೆ ಇನ್ನೂ ಸಿಟ್ಟು. ಬೈಯಲಿ, ಏನು ಬೈಯುತ್ತಾಳೋ ಬೈಯಲಿ ಎಂದು ದೊಡ್ಡ ಹೆಜ್ಜೆ ಹಾಕಿದೆ. ಅವಳ ಮಾತು ಮುಗಿಯುವ ಮೊದಲೇ ಬೆನ್ನಿಗೆ ಏನೋ ಬೆಚ್ಚಗಿನದು ಬಡಿಯಿತು. ಹಗ್ಗ ಕಿತ್ತುಕೊಂಡು ಬಂದ ಚಂದ್ರಿ ಅಡ್ಡ ನಿಂತಿದ್ದಳು. ನಾನು ಅವಳ ಹೊಟ್ಟೆಗೆ ಹೊರಳಿ, ಅದರ ಸುತ್ತ ಜಾರಿ, ಮೊಳಕಾಲೂರಿ ಬಿದ್ದೆ. ಬುಟ್ಟಿ ಮಾತ್ರ ಸೊಂಟ ಬಿಡಲಿಲ್ಲ, ಸುಣ್ಣ ಸುರಿಯುತ್ತಲೇ ಇತ್ತು. ಎದ್ದಾಗ ದಿಕ್ಕು ತಪ್ಪಿತ್ತು. ಹಿತ್ತಲಿನ ಹಿಂದೆ ಹೋಗಬೇಕಾದವನು ಅವಳ ಮನೆಯ ಮುಂದಿನ ಅಂಗಳ ಹಾಯ್ದು, ಒಂದು ದೊಡ್ಡ ಬಳಸು ಬಳಸಿ, ಮತ್ತೆ ನೆಟ್ಟನೆಯ ದಾರಿ ಹಿಡಿದಿದ್ದೆ; ಅವಳ ಒಲೆ ಆಚೆ ಕಡೆಗೆ ಬಿದ್ದಿತ್ತು. ಅಕ್ಕ ನನ್ನ ಕಡೆಗೆ ಮೂರು ಹೆಜ್ಜೆ ಓಡಿಬಂದಳು, ಸುಣ್ಣ ನೋಡಿ ನಿಂತಳು. ಬಾಯಿ ಆಡುತ್ತಿತ್ತು. ಒಂದು ಅಕ್ಷರವೂ ಕೇಳಲಿಲ್ಲ.

ಆಗ ನಾನು "ಬಿದ್ದೆ" ಎನ್ನಬೇಕಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಅವ್ವ ಅನ್ನ ಕಲಸುವ ಕೈ ಬಂತು. ನಾನು ಮೊಳಕಾಲಿನ ಮಣ್ಣು ಒರೆಸಿಕೊಂಡು ತೂಬಿನ ತನಕ ನಡೆದುಬಿಟ್ಟೆ.

ಸಂಜೆ ಟೊಪ್ಪಿಗೆಯ ಸಾಹೇಬರು ಗೆರೆ ನೋಡಲು ಬಂದರು. ಜೊತೆಗೆ ದಫ್ತರದ ವೆಂಕೋಬರಾಯರು. ಈ ರಾಯರದು ಒಂದು ವಿಶೇಷ: ನಿನ್ನೆಯ ತನಕ ಪೇಟ ಸುತ್ತಿದ್ದವರು ಇಂದು ಟೊಪ್ಪಿಗೆಯಲ್ಲಿದ್ದರು, ಮುಖ ಅದೇ. ಸಾಹೇಬರು ಬಳಸಿನ ಹತ್ತಿರ ನಿಂತು, "ಇದೇನಿದು? ನೆಟ್ಟಗಿಲ್ಲವಲ್ಲ?" ಎಂದರು. "ಅಪ್ಪಣಿ ಹಂಗೇ ಇತ್ತರಿ" ಎಂದೆ. ಸಾಹೇಬರು ಊರಿಗೆ ಬಂದು ನಾಲ್ಕು ದಿನವಾಗಿತ್ತು; ತಾವು ಏನೇನು ಅಪ್ಪಣೆ ಕೊಟ್ಟಿದ್ದೇವೆ ಎಂಬುದು ಅವರಿಗೇ ನೆನಪಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದು ಹೇಗೆ? ರಾಯರ ಕಡೆ ನೋಡಿದರು.

"ನೈಸರ್ಗಿಕ ಎಲ್ಲೆರಿ ಮಹಾಸ್ವಾಮಿ," ಎಂದರು ರಾಯರು, ಕಣ್ಣು ಮಿಟುಕಿಸದೆ. "ತಮ್ಮ ದೂರದೃಷ್ಟಿ. ನೆಟ್ಟಗೆ ಎಳೀಲಿಕ್ಕೆ ಯಾರಿಗೂ ಬರ್ತದ."

ಸಾಹೇಬರಿಗೆ ಖುಷಿಯಾಯಿತು. ಅಲ್ಲೇ ಎಲ್ಲರೆದುರು ನನಗೆ ಜರಿಯಂಚಿನ ಶಾಲು ಹೊದಿಸಿದರು. ಅಕ್ಕ ತನ್ನ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಬಿದ್ದದ್ದನ್ನು ಕಂಡವಳು ಅವಳೊಬ್ಬಳೇ. ನನ್ನ ಸುಳ್ಳು ಅವಳಿಗೆ ಕೇಳಲಿಲ್ಲ, ಆದರೆ ಶಾಲು ಕಂಡಿತು. ಅವಳು ಒಂದು ಸಲ ಶಾಲನ್ನು, ಒಂದು ಸಲ ನನ್ನ ಮುಖವನ್ನು ನೋಡಿ ಒಳಗೆ ಹೋದಳು. ಆ ನೋಟವನ್ನು ನಾನು ಈಗಲೂ ನೆನೆಸಿಕೊಳ್ಳಲಾರೆ.

ಮುಂದೆ ಎಮ್ಮೆ ಕಾನೂನಿನ ಪ್ರಕಾರ ನನ್ನದಾಯಿತು, ಕೊಟ್ಟಿಗೆ ನನ್ನ ಕಡೆಯದಲ್ಲವೆ? ನಾನು ಚಂದ್ರಿಯನ್ನು ಒಯ್ದು ಅಕ್ಕನ ಬಾಗಿಲಿಗೆ ಕಟ್ಟಿ ಬಂದೆ. ಅವಳು ಹಗ್ಗ ಬಿಚ್ಚಿ, ಬೆನ್ನ ಮೇಲೆ ತಟ್ಟಿ, ವಾಪಸು ಅಟ್ಟಿದಳು. ಮತ್ತೆ ಕಟ್ಟಿದೆ, ಮತ್ತೆ ಅಟ್ಟಿದಳು. ಒಂದು ಪಾಟಿಯ ಮೇಲೆ "ಅಕ್ಕಾ, ತಪ್ಪಾತು" ಎಂದು ಬರೆದು, ಆಚೆ ಕಡೆಯ ಶಾಲೆಯ ಮಾಸ್ತರರ ಕೈಗೆ ಕೊಟ್ಟು, ಓದಿ ಹೇಳಿ ಎಂದು ಕೈಸನ್ನೆ ಮಾಡಿ ಕಳಿಸಿದೆ. ಅವರು ಓದಲು ಬಾಯಿ ತೆರೆಯುವ ಮೊದಲೇ ಅವಳು ಪಾಟಿ ಕಸಿದು ನೀರು ಚೆಲ್ಲಿ ಒರೆಸಿಬಿಟ್ಟಳು. ಅಕ್ಷರ ಬಾರದವಳಿಗೆ ಪಾಟಿಯ ಮೇಲೆ ಎಂಥ ಸಿಟ್ಟು! ಹೇಳುವುದಿದ್ದರೆ ಬಾಯಿಂದ ಹೇಳಲಿ, ಅದೂ ಊರೆದುರು ಹೇಳಲಿ ಎಂಬುದು ಅವಳ ಹಟ ಎಂದು ನನಗೆ ಅರ್ಥವಾಯಿತು. ಊರೆದುರು ಹೇಳುವ ಧೈರ್ಯ ನನಗಿರಲಿಲ್ಲ. ಚಂದ್ರಿ ಮಾತ್ರ ದಿನಾ ಬೆಳಿಗ್ಗೆ ತಾನೇ ಗೆರೆ ದಾಟಿ ಹೋಗಿ ಅವಳ ಕೈಯಿಂದ ಒಂದು ಹಿಡಿ ಹಿಂಡಿ ತಿಂದು ಬರುತ್ತಿದ್ದಳು.

ಇರಲಿ, ಬೂಟಿನವರು ಬಂದಾಗ ಇದೆಲ್ಲ ಸರಿಹೋದೀತು ಎಂದುಕೊಂಡೆ. ಯಾಕೆಂದರೆ ಹೊಸ ಗೆರೆ ಎಳೆಯುವ ಮುನ್ನ ಹಳೆಯದನ್ನು ಅಳಿಸಬೇಕು. ಅಳಿಸುವುದು ಫಕೀರವ್ವನ ಮನೆತನದ ಕೆಲಸ. ಅವಳು ಕಸಬರಿಗೆ ಹಿಡಿದು ಮುಂದೆಮುಂದೆ, ನಾನು ಬುಟ್ಟಿ ಹಿಡಿದು ಹಿಂದೆಹಿಂದೆ. ಇಬ್ಬರ ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯ ತೆರವಿನಲ್ಲಿ ಯಾವ ಮನೆಗಳು ಬರುತ್ತವೋ ಅವರಿಗೆ ಅಷ್ಟು ಹೊತ್ತು ಮಾತು ಮರಳುತ್ತದೆ. ಊರವರು ವರ್ಷಗಟ್ಟಲೆ ಒಂದೊಂದು ವಾಕ್ಯ ತಯಾರು ಮಾಡಿಕೊಂಡು ಬಾಗಿಲಲ್ಲಿ ಕಾಯುತ್ತಾರೆ. "ನಿಮ್ಮ ತಾಮ್ರದ ಕೊಡ ನಮ್ಮಲ್ಲೇ ಐತ್ರೀ!" ಎಂದು ಒಬ್ಬಳು ಕಿರುಚುತ್ತಾಳೆ, ಅಷ್ಟರಲ್ಲಿ ನನ್ನ ಸುಣ್ಣ ಬೀಳುತ್ತದೆ. ಬೀಗಿತ್ತಿಯನ್ನು ಬೈಯಲು ಆರು ವರ್ಷ ಅಣಿಯಾಗಿದ್ದ ಒಬ್ಬ ಮುದುಕಿಗೆ ಸರಿಯಾಗಿ ಆ ಹತ್ತು ಹೆಜ್ಜೆಯಲ್ಲೇ ಬಿಕ್ಕಳಿಕೆ ಬಂತು. ಪಾಪ, ಅವಳು ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದಳು.

ಆದರೆ ಬೂಟಿನವರು ಎಲ್ಲ ಗೆರೆ ಅಳಿಸಲು ಹೇಳಿ, ನನ್ನ ಬಳಸನ್ನು ಮಾತ್ರ ಮುಟ್ಟಬೇಡಿ ಎಂದರು. ರಾಯರು ಈಗ ಬೂಟು ಹಾಕಿಕೊಂಡಿದ್ದರು. ಎರಡು ಸಂಸ್ಕೃತಿಗಳು ಸಂಧಿಸುವ ಸ್ಥಳ ಇದೇ ಎಂದು ಅವರು ಬರೆದುಕೊಟ್ಟರಂತೆ. ಸಂಧಿಸುವ ಸ್ಥಳದಲ್ಲಿ ನನ್ನ ಅಕ್ಕ ಕುಳ್ಳು ತಟ್ಟುತ್ತಿದ್ದಳು. ಬಳಸಿನ ಗುಂಟ ಕಲ್ಲು ಹಾಸಿಸಿ, ಹಳೆಯ ಸುಣ್ಣದ ಮೇಲೇ ಹೊಸ ಸುಣ್ಣ ಬಿಡಿಸಿದರು. ಕಮಿಟಿಯವರು ಬಂದರು, ಪಕ್ಕದ ಕಲ್ಲು ಕಿತ್ತು, ಅದರ ಮೇಲಿದ್ದ ಬೂಟಿನವರ ಹೆಸರು ಅಳಿಸಿ, ಹಳೆಯ ಸುಣ್ಣ ಗುಡಿಸದೆ ಅದರ ಮೇಲೇ ಮತ್ತೆ ಸುಣ್ಣ ಬಿಡಿಸಿದರು. ಅದಕ್ಕೆ 'ಮಹಾ ಬಳಸು' ಎಂದು ಹೆಸರಿಟ್ಟು ನಾಲ್ಕನೆಯ ಇಯತ್ತೆಯ ಪುಸ್ತಕದಲ್ಲಿ ಪಾಠ ಮಾಡಿದರು. ಊರವರು ಮಾತ್ರ ಮೊದಲಿನಿಂದಲೂ ಅದನ್ನು ಗೆರೆಯ ಹೊಟ್ಟೆ ಎನ್ನುತ್ತಾರೆ. ಮೇಲಿನ ಗುಡ್ಡದಿಂದ ನೋಡಿದರೆ ಎಮ್ಮೆಯ ಹೊಟ್ಟೆಯೇ, ಕೆಚ್ಚಲಿನ ಉಬ್ಬು ಸಹ ಇದೆ. ಯಾರೊಬ್ಬರಿಗೂ ಅನುಮಾನ ಬರಲಿಲ್ಲ ಎಂದರೆ ನನಗೆ ಆಶ್ಚರ್ಯ.

ಕಮಿಟಿಯವರ ಕಾಲದಲ್ಲಿ ಅಕ್ಕನಿಗೆ ವಿಷಮಜ್ವರ ಬಂತು. ನಾನು ಮಾನ ಮರ್ಯಾದೆ ಬಿಟ್ಟು ಹೋಗಿ ತಲೆದಿಂಬಿನ ಹತ್ತಿರ ಕೂತೆ. ಮೂರು ದಿನ ಒದ್ದೆ ಬಟ್ಟೆ ಹಾಕಿದೆ, ಗಂಜಿ ಕುಡಿಸಿದೆ. ಜ್ವರದ ಅಮಲಿನಲ್ಲಿ ಅವಳ ತುಟಿ ಒಂದೇ ಸಮನೆ ಆಡುತ್ತಿತ್ತು. ಏನು ಕೇಳುತ್ತಿದ್ದಳೋ, ನೀರೋ, ಅವ್ವನನ್ನೋ, ನನ್ನನ್ನು ಶಪಿಸುತ್ತಿದ್ದಳೋ! ಕಿವಿಯನ್ನು ಬಾಯಿಗೇ ಹಚ್ಚಿದೆ. ಬಿಸಿ ಉಸಿರು ಬಡಿಯಿತೇ ಹೊರತು ಮಾತಿಲ್ಲ. ಇವಳು ಹೀಗೇ ಹೋಗಿಬಿಟ್ಟರೆ ನನ್ನ ಪಾಲಿಗೆ ಉಳಿಯುವುದು 'ಅಡಿವ್ಯಾ, ನಿನ್ನ' ಅಷ್ಟೇ ತಾನೆ? ನನಗೆ ಅಳು ತಡೆಯಲಾಗಲಿಲ್ಲ. ನಾಲ್ಕನೆಯ ದಿನ ಜ್ವರ ಇಳಿಯಿತು. ಕಣ್ಣು ಬಿಟ್ಟಳು, ನನ್ನನ್ನು ಕಂಡಳು, ಬೆರಳೆತ್ತಿ ಬಾಗಿಲು ತೋರಿಸಿದಳು.

ನಾನು ನೆಟ್ಟಗೆ ಮನೆಗೆ ಹೋಗಿ, ಪೆಟ್ಟಿಗೆಯಿಂದ ಶಾಲು ತೆಗೆದು, ಕೊಟ್ಟಿಗೆಯಿಂದ ಚಂದ್ರಿಯನ್ನು ಬಿಚ್ಚಿಕೊಂಡು, ಎರಡನ್ನೂ ಕಮಿಟಿಯ ಕಚೇರಿಗೆ ಒಯ್ದೆ. ಚಂದ್ರಿಗೆ ವಯಸ್ಸಾಗಿತ್ತು, ನಿಂತುನಿಂತು ಬಂದಳು. ಅಧ್ಯಕ್ಷರ ಮೇಜಿನ ಮೇಲೆ ಶಾಲು ಇಟ್ಟು, "ಸಾಹೇಬ್ರ, ಅದು ಬಳಸಲ್ಲರಿ. ನಾ ಬಿದ್ದೀನಿ. ಇಕಾ, ಈ ಎಮ್ಮಿಗೆ ಬಡದು ಬಿದ್ದೀನಿ" ಎಂದೆ.

ಅಧ್ಯಕ್ಷರು ಕಿಟಕಿಯಿಂದ ಎಮ್ಮೆಯನ್ನು ನೋಡಿದರು. ಎಮ್ಮೆ ಅಧ್ಯಕ್ಷರನ್ನು ನೋಡಿತು. ರಾಯರು ಕೆಂಪು ಟೊಪ್ಪಿ ಸರಿಮಾಡಿಕೊಂಡು ಒಂದು ಪುಸ್ತಕ ತೆಗೆದರು. "ಆ ವರ್ಷದ ಗಣತಿ ನೋಡ್ರಿ. ಆ ಓಣಿಯೊಳಗ ಎಮ್ಮಿನೇ ಇರಲಿಲ್ಲ."

"ಅದರ ಹಾಲು ನೀವೂ ಕುಡದೀರಿ ರಾಯರ!" ಎಂದೆ.

"ದಾಖಲೆ ಇಲ್ಲ," ಎಂದರು ರಾಯರು. "ಹಂಗ ನೋಡಿದ್ರ ಗೆರೆಯವರು ಬಿದ್ದದ್ದಕ್ಕೂ ದಾಖಲೆ ಇಲ್ಲ. ನಿಮ್ಮ ಮನೆತನದಾಗ ಯಾರೂ ಬಿದ್ದಿಲ್ಲ, ಅಡಿವೆಪ್ಪ. ನೀ ಹೆಂಗ ಬೀಳ್ತೀ?"

ಅಧ್ಯಕ್ಷರು ನನಗೆ ನಾಲ್ಕನೆಯ ಇಯತ್ತೆಯ ಪುಸ್ತಕ ಕೊಟ್ಟು, ಓದಿಕೋ, ನಿನ್ನ ಕೆಲಸದ ಮಹತ್ವ ನಿನಗೇ ಗೊತ್ತಿಲ್ಲ ಎಂದು ಬುದ್ಧಿ ಹೇಳಿದರು. ಶಾಲು ವಾಪಸು ತೆಗೆದುಕೊಳ್ಳಲು ನಿಯಮವಿರಲಿಲ್ಲವಂತೆ. ಹೊರಗೆ ಬಂದೆ. ತಣ್ಣಗೆ ಗಾಳಿ ಬೀಸುತ್ತಿತ್ತು, ಚಂದ್ರಿ ನಡುಗುತ್ತಿದ್ದಳು. ಸಿಟ್ಟಿನಲ್ಲಿ ಜರಿಯಂಚಿನ ಶಾಲನ್ನು ಅವಳ ಬೆನ್ನಿಗೆ ಹೊದಿಸಿ ಕಟ್ಟಿಬಿಟ್ಟೆ. ಹಾಗೇ ಓಣಿಯಲ್ಲಿ ನಡೆಸಿಕೊಂಡು ಬಂದೆ. ಗೋಡೆಗೊರಗಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ ಅಕ್ಕ ಎಮ್ಮೆಯನ್ನು ನೋಡಿದಳು, ಶಾಲನ್ನು ನೋಡಿದಳು. ಮೊದಲು ಕೆಮ್ಮಿದಳು. ಆಮೇಲೆ ನಕ್ಕಳು, ಸೆರಗು ಬಾಯಿಗೆ ತುರುಕಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹನ್ನೆರಡು ವರ್ಷದ ಮೇಲೆ ನನ್ನ ಅಕ್ಕನ ನಗು ಕೇಳಿದೆ. ನಾನು ಕೊಟ್ಟಿಗೆಗೆ ಹೋಗಿ ಕೂತು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಂದಿನಿಂದ ಅವಳು ಎಮ್ಮೆಯನ್ನು ಅಟ್ಟುವುದು ಬಿಟ್ಟಳು. ಚಂದ್ರಿ ಸತ್ತಾಗ ಇಬ್ಬರೂ ಸೇರಿ ಗೆರೆಯ ಹೊಟ್ಟೆಯ ಒಳಗೇ ಗುಂಡಿ ತೋಡಿದೆವು. ಅವಳು ಅರಿಶಿನ ಕುಂಕುಮ ಹಾಕಿದಳು, ನಾನು ಶಾಲು ಹೊದಿಸಿದೆ. ಆದರೂ ನನ್ನ ಮುಖ ನೋಡಿ ತುಟಿ ಎರಡು ಮಾಡಲಿಲ್ಲ. ಹೇಳಬೇಕಾದದ್ದು ಇನ್ನೂ ಬಾಕಿ ಇತ್ತು, ಅದು ನನ್ನ ಕಡೆಯಿಂದ.

ಈಗ ಪೇಟದವರು ಮತ್ತೆ ಬಂದಿದ್ದಾರೆ, ಹಳಬರ ಮೊಮ್ಮಕ್ಕಳು. ಊರು ಮತ್ತೆ ಎರಡು ಸೀಮೆ. ಇವರು ಮಡಿಯವರು. ನಡುವೆ ಆಳಿದವರ ಸುಣ್ಣವೆಲ್ಲ ಮೈಲಿಗೆ, ಮಹಾ ಬಳಸನ್ನೂ ಪೂರಾ ಗುಡಿಸಿ, ಶುದ್ಧವಾದ ಸುಣ್ಣದಿಂದ ಅದೇ ಜಾಗದಲ್ಲಿ ಮತ್ತೆ ಎಳೆಯಬೇಕು ಎಂದು ಹೊಸ ಅಮಲ್ದಾರರ ಅಪ್ಪಣೆಯಾಯಿತು. ಅಪ್ಪಣೆ ಓದುತ್ತಿದ್ದ ರಾಯರ ತಲೆಯ ಮೇಲೆ ಹತ್ತೊಂಬತ್ತು ವರ್ಷದ ಹಿಂದಿನ ಅದೇ ಪೇಟ, ಇಲಿ ಕಚ್ಚಿದ ಒಂದು ತೂತಿನೊಂದಿಗೆ. ಅವರು ಓದಿದ್ದನ್ನೇ ನಾನು ಮತ್ತೊಮ್ಮೆ ಓದಿಸಿ ಕೇಳಿದೆ. ಗೆರೆಯ ಹೊಟ್ಟೆಗೆ ಕಸಬರಿಗೆ ಬೀಳುತ್ತದೆ. ಅಕ್ಕನ ಮನೆಯ ಮುಂದೆ ಹತ್ತು ಹೆಜ್ಜೆಯ ತೆರವು ಸಿಗುತ್ತದೆ.

ಹಿಂದಿನ ದಿನವೆಲ್ಲ ನಾನೂ ಒಂದು ವಾಕ್ಯ ತಯಾರು ಮಾಡಿದೆ. ತಪ್ಪಾತು ಎನ್ನಲೆ? ಗಂಡನ್ನ ತಿಂದಾಕಿ ಎಂದದ್ದನ್ನು ವಾಪಸು ತಗೊಂಡೆ ಎನ್ನಲೆ? ಎಣಿಸಿ ನೋಡಿದರೆ ಹತ್ತು ಹೆಜ್ಜೆಗೆ ಯಾವುದೂ ಹಿಡಿಸುತ್ತಿರಲಿಲ್ಲ. ಫಕೀರವ್ವನ ಹತ್ತಿರ ಹೋಗಿ, "ಯವ್ವಾ, ಆ ಮನಿ ಮುಂದ ಸ್ವಲ್ಪ ಜಲ್ದಿ ಜಲ್ದಿ ಗುಡಿಸವ್ವ, ಹನ್ನೆರಡು ಹೆಜ್ಜಿ ಆಗ್ಲಿ" ಎಂದು ಬೇಡಿಕೊಂಡೆ.

"ನಿಮ್ಮಕ್ಕನೂ ಬಂದಿದ್ಲು," ಎಂದಳು ಫಕೀರವ್ವ. ಅವಳು ಕಸಬರಿಗೆಯವಳು, ಅವಳ ಒಲೆ ಹುಣಸೆಮರದ ಬುಡದಲ್ಲಿ ನೆಟ್ಟಗೆ ಗೆರೆಯ ಮೇಲೇ ಇದೆ. ಊರಲ್ಲಿ ಎರಡೂ ಕಡೆಯ ಮಾತು ಕೇಳುವವಳು ಅವಳೊಬ್ಬಳೇ. ಆದರೆ ಒಂದು ಕಡೆಯದನ್ನು ಇನ್ನೊಂದು ಕಡೆಗೆ ಒಯ್ಯುವುದಿಲ್ಲ ಎಂದು ಅವರ ಮನೆತನಕ್ಕೆ ಆಣೆಯಿದೆ. "ಏನಂದ್ಲು ಅಂತ ಕೇಳಬ್ಯಾಡ, ನಾ ಹೇಳಂಗಿಲ್ಲ."

ಬೆಳಿಗ್ಗೆ ಹೊರಟೆವು. ನನಗೆ ಅರವತ್ತೇಳು, ಮೊಳಕಾಲು ಆ ದಿನದಿಂದಲೂ ಸರಿಯಿಲ್ಲ. ಬೆನ್ನ ಹಿಂದೆ ಫಕೀರವ್ವನ ಕಸಬರಿಗೆ ಸರ್ ಸರ್ ಎನ್ನುತ್ತಿತ್ತು, ಬಾಗಿಲುಬಾಗಿಲಲ್ಲಿ ಜನ ತಮ್ಮತಮ್ಮ ವಾಕ್ಯ ಕೂಗುತ್ತಿದ್ದರು. "ನಿಮ್ಮ ಹುಂಜ ನಮ್ಮ ಹಿತ್ತಲದಾಗ ಬರ್ತೈತಿ!" "ಆ ಸೀರಿ ಬಣ್ಣ ಬಿಟ್ಟೈತಿ!" ನನ್ನ ಮುಖದೆದುರು ಹತ್ತು ಹೆಜ್ಜೆ ದೂರದಲ್ಲಿ ಅಮಲ್ದಾರರು, ರಾಯರು, ನಾಲ್ವರು ಬಂದೂಕಿನವರು. ಅಕ್ಕನ ಹಿತ್ತಲು ಬಂತು, ಗೆರೆಯ ಹೊಟ್ಟೆ ಶುರುವಾಯಿತು, ಕಸಬರಿಗೆ ಅವಳ ಅಂಗಳ ದಾಟಿತು. ತಿರುಗಿ ನೋಡುವಂತಿಲ್ಲ. ಅವಳು ಬಾಗಿಲಲ್ಲಿ ಇದ್ದಾಳೋ ಇಲ್ಲವೋ?

"ಅಡಿವ್ಯಾ, ನಿನ್ನ ಹಿಂದ ಎಮ್ಮಿ ನಿಂತೈತಿ ಅಂತ ಒದರಿದ್ನಲ್ಲೋ ಅವತ್ತ!" ಅವಳ ದನಿ. ಮುದಿಯಾಗಿತ್ತು, ಒಡೆದಿತ್ತು, ಆದರೂ ಅವಳದೇ. "ಕಿವುಡಾ! ಗಂಟಲ ಹರಕೊಂಡು ಒದರೀನಿ!"

ಬೈಗುಳವಲ್ಲ. ಶಾಪವಲ್ಲ. ಹತ್ತೊಂಬತ್ತು ವರ್ಷ ನಾನು 'ನಿನ್ನ ಮನಿ ಹಾಳಾಗ' ಎಂದು ತುಂಬಿಸಿಕೊಂಡಿದ್ದ ಜಾಗದಲ್ಲಿ ಒಂದು ಎಮ್ಮೆ ನಿಂತಿತ್ತು. ನಾನು ತಯಾರು ಮಾಡಿದ್ದ ವಾಕ್ಯವೆಲ್ಲ ಮರೆತುಹೋಯಿತು. ಚಂದ್ರಿಯನ್ನು ಹೂತ ಜಾಗದ ಮೇಲೆ, ಬುಟ್ಟಿಯ ತೂತಿಗೆ ಅಂಗೈ ಒತ್ತಿಕೊಂಡು, ದೊಪ್ಪನೆ ಕುಸಿದೆ. ಊರೆಲ್ಲ ಕೇಳುವ ಹಾಗೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ:

"ಬಿದ್ದೇ!"

ಅಮಲ್ದಾರರು ರಾಯರ ಮುಖ ನೋಡಿದರು. ರಾಯರು ಪೇಟ ತೆಗೆದು ತಲೆ ಕೆರೆದುಕೊಂಡರು. ಎಬ್ಬಿಸಲು ಬಂದ ಒಬ್ಬ ಬಂದೂಕಿನವನನ್ನು ಫಕೀರವ್ವ ಕಸಬರಿಗೆ ಅಡ್ಡ ಹಿಡಿದು ನಿಲ್ಲಿಸಿದಳು. "ಬಿದ್ದೆ ಅಂದಾನ. ತಾನಾಗಿ ಏಳೂತನಕ ಮುಟ್ಟಂಗಿಲ್ಲ."

ಅಕ್ಕ ಹೊಸ್ತಿಲಿಳಿದು ಬಂದ ಸಪ್ಪಳ ಕೇಳಿತು. ಒಂದು, ಎರಡು, ಮೂರು ಹೆಜ್ಜೆ. ಈ ಸಲ ನಿಲ್ಲಲಿಲ್ಲ. ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತಳು.

"ಪೆಟ್ಟಾತೇನೋ ತಮ್ಮಾ?" ಎಂದಳು.

"ಈಗೋ, ಅವತ್ತೋ?"

"ಅವತ್ತ ಕೇಳಿದ್ನಲ್ಲೋ, ನೀ ಹೇಳಲೇ ಇಲ್ಲ."

"ಆಗೇತಕ್ಕಾ," ಎಂದೆ. "ಮೊಳಕಾಲಿಗೆ. ಭಾಳ ಪೆಟ್ಟಾಗೇತಿ."

ಇದಾಗಿ ಇವತ್ತಿಗೆ ಹನ್ನೊಂದು ದಿನ. ನಾನಿನ್ನೂ ಎದ್ದಿಲ್ಲ. ಬುಟ್ಟಿ ಸೊಂಟದ ಮೇಲೇ ಇದೆ, ಅಂಗೈ ತೂತಿನ ಮೇಲೇ ಇದೆ. ಮುಗಿಯದ ಗೆರೆ ಗೆರೆಯಲ್ಲವಲ್ಲ, ಎಳೆದಷ್ಟು ಸುಣ್ಣವೂ ದಿನೇದಿನೇ ಬಲ ಕಳೆದುಕೊಂಡಿತು. ಮೊದಲ ದಿನ ನಮ್ಮ ಓಣಿಗೆ ಮಾತು ಬಂತು, ಮೂರನೆಯ ದಿನಕ್ಕೆ ಸಂತೆಗೆ, ಈಗ ಊರಿಗೆಲ್ಲ. ಎರಡೂ ಸೀಮೆಯ ಅಧಿಕಾರಿಗಳು ಕೊನೆಗೂ ಎದುರುಬದುರು ಕೂತು ಮಾತಾಡಿದರಂತೆ. ಒಂದೇ ಗಳಿಗೆಯಲ್ಲಿ ಜಗಳ ಹತ್ತಿ ಎದ್ದುಹೋದರಂತೆ. ಅಮಲ್ದಾರರು ದಿನಾ ಬಂದು ಹತ್ತು ಹೆಜ್ಜೆ ದೂರ ನಿಂತು ಮೊದಲು ಗದರಿಸಿದರು, ಆಮೇಲೆ ಬೇಡಿಕೊಂಡರು, ಈಗ ಬರುವುದನ್ನೇ ಬಿಟ್ಟಿದ್ದಾರೆ. ಓಣಿಯ ನಾಲ್ವರು ಸೊಸೆಯರು ಮಾತ್ರ ದಿನಕ್ಕೆರಡು ಸಲ ಬಂದು, "ಕಾಕಾ, ಎದ್ದೇಳ್ರೀ ನಿಮ್ಮ ದಮ್ಮಯ್ಯ, ನಮ್ಮತ್ತಿ ಬಾಯಿ ಕೇಳಾಕಾಗವಲ್ದು" ಎಂದು ಕಣ್ಣೀರು ಹಾಕುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ನಿನ್ನೆ ವೆಂಕೋಬರಾಯರು ಮೆಲ್ಲಗೆ ಬಂದು, ಪೂರ್ವದ ಕಡೆಯಿಂದ ಇನ್ಯಾರೋ ದಂಡು ಬರುತ್ತಿದೆಯೆಂದೂ, ಅವರು ತಲೆಗೆ ಏನು ಹಾಕುತ್ತಾರೆಂದು ನನಗೇನಾದರೂ ಗೊತ್ತೇ ಎಂದೂ ಕೇಳಿಹೋದರು.

ನಾನು ಏಳಬಾರದೆಂದೇನೂ ಹಟ ಹಿಡಿದಿಲ್ಲ. ಅಕ್ಕ ಮೂರು ಹೊತ್ತು ರೊಟ್ಟಿ ತಂದುಕೊಡುತ್ತಾಳೆ, ಮುಟ್ಟಿದ್ದಕ್ಕೆ ಮತ್ತೆ ಹುಣಸೆಮರದಿಂದ ಶುರುವಾದರೆ ಆಗಲಿ ಬಿಡು ಎಂದು ಮೊಳಕಾಲಿಗೆ ಎಣ್ಣೆ ತಿಕ್ಕುತ್ತಾಳೆ, ತಿಕ್ಕುತ್ತ ಬೈಯುತ್ತಾಳೆ. ಗಂಡನ ಬಗ್ಗೆ ನಾನು ಆಡಿದ ಮಾತಿನಿಂದ ಹಿಡಿದು, ಶಾಲಿನಿಂದ ಹಿಡಿದು, ಒಂದೊಂದು ವರ್ಷದ್ದೂ ಸಾಲಾಗಿ ಬೈಯುತ್ತಾಳೆ, ಯಾವ ಹಬ್ಬದಲ್ಲಿ ನಾನು ಹೋಳಿಗೆ ಒಬ್ಬನೇ ತಿಂದೆ ಎಂಬುದು ಸಹ ಅವಳಿಗೆ ನೆನಪಿದೆ. ಒಂದು ಮಾತೂ ಬಿಡದೆ ಕೇಳುತ್ತಿದ್ದೇನೆ. ಇನ್ನೂ ಮೂರನೆಯ ವರ್ಷದಲ್ಲಿದ್ದಾಳೆ. ಹೇಗೆ ಏಳಲಿ?